ನೆನಪಿರುವ ಅಗಸಿ

ನಮ್ಮ ಕಡೆಯ ಹಳೆಯ ಊರುಗಳಿಗೆಲ್ಲ ಒಂದೊಂದು ಅಗಸಿ. ಕೋಟೆಗೋಡೆ ಕುಸಿದು, ಹುಡೇವಿನ ಕಲ್ಲುಗಳು ಯಾರಯಾರದೋ ಮನೆಯ ತಳಪಾಯ ಸೇರಿಹೋದ ಮೇಲೂ ಹೆಸರು ಮಾತ್ರ ಉಳಿದಿದೆ. ‘ಅಗಸಿ ಹತ್ತಿರ ನಿಲ್ಲಸ್ರಿ’ ಎಂದರೆ ಟಂಟಂ ಗಾಡಿಯವನು ಮರುಮಾತಿಲ್ಲದೆ ನಿಲ್ಲಿಸುತ್ತಾನೆ. ಅಲ್ಲಿ ಬಾಗಿಲೂ ಇಲ್ಲ, ಕಾಯುವವನೂ ಇಲ್ಲ. ಒಂದು ಹಣಮಪ್ಪನ ಗುಡಿ, ಒಂದು ಚಹಾದ ಅಂಗಡಿ, ಅಷ್ಟೇ.

ಅಗಸಿಯ ಕೆಲಸ ಎರಡೇ: ಬೇಕಾದವರನ್ನು ಒಳಗೆ ಬಿಡುವುದು, ಬೇಡದವರನ್ನು ಹೊರಗೆ ನಿಲ್ಲಿಸುವುದು. ಇಷ್ಟು ಸರಳವಾದ ಕೆಲಸಕ್ಕೆ ಇತಿಹಾಸ ಎಲ್ಲಿಂದ ಬಂತು ಎಂದು ಕೇಳಬಹುದು. ಅದು ಬಂದದ್ದು ಒಂದು ಪ್ರಶ್ನೆಯಿಂದ. ಬಂದವನು ಬೇಕಾದವನೋ ಬೇಡದವನೋ ಎಂಬುದು ಕಾಯುವವನಿಗೆ ಗೊತ್ತಾಗುವುದು ಹೇಗೆ? ಹಾಕಿಕೊಂಡ ಬಟ್ಟೆಯಿಂದಲೋ, ಬಂದ ದಿಕ್ಕಿನಿಂದಲೋ, ಹೇಳಿದ ಮಾತಿನಿಂದಲೋ, ಇಲ್ಲಾ ಕಾಯುವವನಿಗೆ ಮೊದಲೇ ಇದ್ದ ನೆನಪಿನಿಂದಲೋ? ಬಿ.ಎ., ಬಿ.ಇಡಿ. ಮಾಡಿ ಇತಿಹಾಸ ಕಲಿಸುತ್ತಾ ಬಂದ ನಾನು ಈಗ ಕಂಪ್ಯೂಟರಿನ ಹೊಟ್ಟೆಯೊಳಗಿನ ಅಗಸಿಯ ಬಗ್ಗೆ ಬರೆಯಹೊರಟಿದ್ದೇನೆಂದರೆ ನಮ್ಮ ಸ್ಟಾಫ್‌ರೂಮಿನಲ್ಲಿ ನಗುವವರಿದ್ದಾರೆ. ನಗಲಿ. ಅಗಸಿ ಕಲ್ಲಿನದಾದರೇನು, ತಂತ್ರಾಂಶದ್ದಾದರೇನು, ಅದರ ಮುಂದೆ ನಿಂತವರ ಪಾಡು ಇತಿಹಾಸಕ್ಕೆ ಸೇರಿದ್ದೇ.

ಗಡಿಗಳ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ವಿಶೇಷವಿದೆ. ಈಗಿನವರಿಗೆ ರಬಕವಿ-ಬನಹಟ್ಟಿ ಎಂದರೆ ನಡುವೆ ಒಂದು ಅಡ್ಡಗೆರೆ ಹಾಕಿ ಬರೆಯುವ ಒಂದೇ ಊರು, ಒಂದೇ ನಗರಸಭೆ. ಆದರೆ 1948ರವರೆಗೆ ಬನಹಟ್ಟಿ ಜಮಖಂಡಿಯ ಪಟವರ್ಧನರ ಸಂಸ್ಥಾನದಲ್ಲಿತ್ತು. ರಬಕವಿ ಸಾಂಗ್ಲಿಯ ಪಟವರ್ಧನರದಾಗಿತ್ತು. ಪಕ್ಕದ ಮಹಾಲಿಂಗಪುರ ಮುಧೋಳದ ಘೋರ್ಪಡೆಯವರ ಆಳ್ವಿಕೆಯಲ್ಲಿದ್ದರೆ, ಬೀಳಗಿ ಇಂಗ್ಲಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಚಕ್ಕಡಿ ಹೂಡಿಕೊಂಡು ಒಂದು ದಿನದ ದಾರಿ ಹೋದರೆ ನಾಲ್ಕು ಸರಕಾರ! 1948ರ ಮಾರ್ಚ್‌ನಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ನಕ್ಷೆಯ ಮೇಲಿನ ಗೆರೆಗಳು ಇಷ್ಟು ಬೇಗ ಅಳಿಸಿಹೋಗುವುದನ್ನು ಕಂಡವರಿಗೆ, ಗೆರೆ ಎಳೆಯುವವರು ಯಾರು, ಅದನ್ನು ಕಾಯುವವರು ಯಾರು ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ.

ನನ್ನ ತಲೆಮಾರಿನವರು ಕಣ್ಣಾರೆ ಕಂಡ ಕಡೆಯ ಅಗಸಿಯೆಂದರೆ ಜಕಾತಿ ನಾಕಾ. ಊರಿಗೆ ಬರುವ ಸರಕಿಗೆಲ್ಲ ಅಲ್ಲಿ ಜಕಾತಿ ಕಟ್ಟಬೇಕಿತ್ತು. ಸರಕು ನಮ್ಮೂರಲ್ಲಿ ಇಳಿಯುವುದಿಲ್ಲ, ಊರು ದಾಟಿ ಮುಂದೆ ಹೋಗುತ್ತದೆ ಎಂದಾದರೆ ಒಂದು ಚೀಟಿ ಬರೆದುಕೊಡುತ್ತಿದ್ದರು; ಊರಿನ ಆಚೆ ಕಡೆಯ ನಾಕಾದಲ್ಲಿ ಅದನ್ನು ತೋರಿಸಿ ಹೋಗಬೇಕು. 1979ರಲ್ಲಿ ಕರ್ನಾಟಕದಲ್ಲಿ ಜಕಾತಿ ರದ್ದಾಯಿತು. ಆಮೇಲೆ ರಾಜ್ಯದ ಗಡಿಗಳಲ್ಲಿ ಉಳಿದಿದ್ದ ಮಾರಾಟ ತೆರಿಗೆಯ ತನಿಖಾ ಠಾಣೆಗಳೂ 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಹೋದವು. ಆ ಚೀಟಿಯನ್ನು ಮಾತ್ರ ಓದುಗರು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳಬೇಕು. ಒಂದು ನಾಕಾದಲ್ಲಿ ನಡೆದದ್ದು ಇನ್ನೊಂದು ನಾಕಾಕ್ಕೆ ಗೊತ್ತಾಗುವ ಉಪಾಯ ಅದು. ಅಗಸಿಗೆ ನೆನಪು ಬಂದದ್ದು ಇಂಥ ಚೀಟಿಗಳಿಂದ.

ಈಗ ಹೊಸ ಅಗಸಿಗೆ ಬರೋಣ. ನಾವು ಮೊಬೈಲಿನಲ್ಲಿ ಒಂದು ಫೋಟೋ ಕಳಿಸುತ್ತೇವೆ. ಅದು ಇಡಿಯಾಗಿ ಹೋಗುವುದಿಲ್ಲ. ಚೂರುಚೂರಾಗಿ, ಸಾಮಾನ್ಯವಾಗಿ ಒಂದೊಂದು ಚೂರು 1,500 ಬೈಟುಗಳನ್ನು ಮೀರದಂತೆ, ಬೇರೆಬೇರೆ ಪೊಟ್ಟಣಗಳಾಗಿ ಹೊರಡುತ್ತದೆ. ಈ ಪೊಟ್ಟಣಕ್ಕೇ ಪ್ಯಾಕೆಟ್ ಎನ್ನುತ್ತಾರೆ. 1960ರ ದಶಕದಲ್ಲಿ ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಇಟ್ಟ ಹೆಸರು. ಪ್ರತಿ ಪ್ಯಾಕೆಟ್ಟಿನ ಮೇಲೂ ಟಪಾಲಿನ ಲಕೋಟೆಯ ಮೇಲೆ ಇದ್ದಂತೆ ಕಳಿಸಿದವರ ವಿಳಾಸ, ಮುಟ್ಟಬೇಕಾದವರ ವಿಳಾಸ ಇರುತ್ತವೆ. ಜೊತೆಗೆ ಪೋರ್ಟ್ ಎಂಬ ಒಂದು ಸಂಖ್ಯೆ. ವಿಳಾಸ ಮನೆಯದಾದರೆ ಪೋರ್ಟ್ ಎಂದರೆ ಆ ಮನೆಯ ಇಂಥದೇ ಬಾಗಿಲು: 25 ಅಂಚೆಯ ಬಾಗಿಲು, 80 ಜಾಲತಾಣದ ಬಾಗಿಲು, 22 ದೂರದಿಂದ ಯಂತ್ರವನ್ನು ನಡೆಸುವವರ ಬಾಗಿಲು.

ಈ ಪ್ಯಾಕೆಟ್ಟುಗಳು ಕಂಪ್ಯೂಟರಿಗೆ ಬಂದಾಗ ಮೊದಲು ಕೈಗೆ ತೆಗೆದುಕೊಳ್ಳುವುದು ಕರ್ನೆಲ್. ಪರದೆಯ ಮೇಲೆ ನಾವು ಕಾಣುವುದೆಲ್ಲ ಶೇಂಗಾದ ಸಿಪ್ಪೆಯಾದರೆ ಕರ್ನೆಲ್ ಒಳಗಿನ ಕಾಳು. ಯಾವ ತಂತ್ರಾಂಶವೂ ಕರ್ನೆಲ್ಲನ್ನು ಕೇಳದೆ ಜಾಲದೊಡನೆ ಸಾಮಾನ್ಯವಾಗಿ ವ್ಯವಹರಿಸಲಾರದು. ಹಾಗಾಗಿ ಅಗಸಿ ಕಟ್ಟುವುದಾದರೆ ಅಲ್ಲೇ ಕಟ್ಟಬೇಕು.

ಮೊದಮೊದಲು ಯಾರೂ ಕಟ್ಟಿರಲಿಲ್ಲ. 1980ರ ದಶಕದ ಅಂತರಜಾಲವೆಂದರೆ ವಿಶ್ವವಿದ್ಯಾಲಯದವರು, ಸಂಶೋಧಕರು, ಸೈನ್ಯದವರು ಸೇರಿದ್ದ ಸಣ್ಣ ಊರು. ಎಲ್ಲರಿಗೂ ಎಲ್ಲರ ಗುರುತು. ಬಾಗಿಲು ಹಾಕಿಕೊಳ್ಳುವುದೇ ಅಪಮಾನವೆನ್ನುವ ಹಾಗೆ. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ತನ್ನಷ್ಟಕ್ಕೆ ತಾನೇ ಹರಡುವ ಒಂದು ತಂತ್ರಾಂಶವನ್ನು ಜಾಲದಲ್ಲಿ ಬಿಟ್ಟ. ಆಗ ಜಾಲದಲ್ಲಿದ್ದ ಸುಮಾರು 60,000 ಯಂತ್ರಗಳಲ್ಲಿ 6,000ದಷ್ಟು ಕುಸಿದವೆಂದು ಅಂದಾಜು. ಸಣ್ಣ ಊರು ದೊಡ್ಡದಾಗಿದೆ, ಇನ್ನು ಮುಂದೆ ಅಗಸಿ ಬೇಕು ಎಂದು ಎಲ್ಲರಿಗೂ ಮನವರಿಕೆಯಾದದ್ದು ಆ ದಿನ. ಮರುವರ್ಷವೇ, 1989ರಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಜೆಫ್ರಿ ಮೊಗಲ್ ಎಂಬವರು ಪ್ಯಾಕೆಟ್ಟುಗಳ ಮೇಲಿನ ವಿಳಾಸ, ಪೋರ್ಟ್ ನೋಡಿ ಬಿಡುವ ಅಥವಾ ತಡೆಯುವ ಒಂದು ವ್ಯವಸ್ಥೆಯನ್ನು ಪ್ರಬಂಧವೊಂದರಲ್ಲಿ ವಿವರಿಸಿದರು.

ಈ ಮೊದಲ ಅಗಸಿಗೆ ಕಣ್ಣಿತ್ತು, ನೆನಪಿರಲಿಲ್ಲ. ಪ್ರತಿ ಪ್ಯಾಕೆಟ್ಟನ್ನೂ ಅದೇ ಮೊದಲ ಸಲ ಕಂಡಂತೆ ನೋಡುವುದು. ಅದರಿಂದ ಏನು ತೊಂದರೆ? ಒಂದು ಉದಾಹರಣೆ ತೆಗೆದುಕೊಳ್ಳೋಣ. ನಮ್ಮ ಶಾಲೆಯ ಮಗುವೊಂದು ಹೊರಗಿನ ಜಾಲತಾಣವನ್ನು ಕೇಳುತ್ತದೆ: ‘ಕಿತ್ತೂರು ಚೆನ್ನಮ್ಮನ ಚಿತ್ರ ಕೊಡಿ.’ ಕೇಳಿಕೆ ಹೊರಗೆ ಹೋಯಿತು. ಉತ್ತರ ಒಳಗೆ ಬರಬೇಕಲ್ಲ? ಹೊರಗಿನದೆಲ್ಲ ಬೇಡವೆಂದು ಅಗಸಿ ಹಾಕಿದರೆ ಉತ್ತರವೂ ಬಾರದು. ಉತ್ತರಕ್ಕೆಂದು ತೆರೆದಿಟ್ಟರೆ ಉತ್ತರದ ವೇಷ ಹಾಕಿಕೊಂಡವರೂ ಬರುತ್ತಾರೆ. ಆಗಿನವರು ಒಂದು ನಡುದಾರಿ ಹುಡುಕಿದ್ದರು. ಮಾತು ಶುರುಮಾಡುವ ಪ್ಯಾಕೆಟ್ಟಿನ ಮೇಲೆ ಒಂದು ಗುರುತು, ಮಾತಿಗೆ ಪ್ರತಿಮಾತಾಗಿ ಬಂದ ಪ್ಯಾಕೆಟ್ಟಿನ ಮೇಲೆ ಬೇರೆ ಗುರುತು ಇರುತ್ತದೆ. ಪ್ರತಿಮಾತಿನ ಗುರುತಿದ್ದರೆ ಬಿಡು ಎಂಬುದು ನಿಯಮ. ಆದರೆ ಆ ಗುರುತನ್ನು ಹಚ್ಚುವವನು ಕಳಿಸಿದವನೇ! ‘ನಾನು ಉತ್ತರ ತಂದೇನ್ರಿ’ ಎಂದು ಯಾರು ಹೇಳಿದರೂ, ‘ಯಾರು ಕೇಳಿದ್ದರು?’ ಎಂದು ತಿರುಗಿ ಕೇಳಲು ಕಾಯುವವನ ಹತ್ತಿರ ಏನೂ ಇರಲಿಲ್ಲ. ನೆನಪಿಲ್ಲದ ಕಾವಲುಗಾರ ಕ್ರೂರಿಯಾಗಬೇಕು, ಇಲ್ಲವೆ ಮೋಸಹೋಗಬೇಕು. ಅವನಿಗೆ ಮೂರನೆಯ ದಾರಿಯಿಲ್ಲ.

1993ರಲ್ಲಿ ಆರಂಭವಾದ ಇಸ್ರೇಲಿನ ಚೆಕ್ ಪಾಯಿಂಟ್ ಕಂಪನಿ ಮರುವರ್ಷ ಮಾರುಕಟ್ಟೆಗೆ ತಂದ ಫೈರ್‌ವಾಲ್ ಈ ಕೊರತೆಯನ್ನು ತುಂಬಿತು: ನಡೆಯುತ್ತಿರುವ ಪ್ರತಿ ಮಾತುಕತೆಯ ಲೆಕ್ಕವನ್ನೂ ಅದು ಇಟ್ಟುಕೊಳ್ಳುತ್ತಿತ್ತು. ಆದರೆ ಅದು ಹಣ ಕೊಟ್ಟು ಕೊಳ್ಳುವವರ ಅಗಸಿ. ನಮ್ಮಂಥ ಊರುಗಳಿಗೆ ಬಂದದ್ದು ಬೇರೆ ದಾರಿಯಿಂದ, ಲಿನಕ್ಸ್ ಎಂಬ ಹೆಸರಿನಲ್ಲಿ.

ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯಲು ತೊಡಗಿದ ಕರ್ನೆಲ್ ಅದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 1994ರಲ್ಲಿ ಬ್ರಿಟನ್ನಿನ ಅಲನ್ ಕಾಕ್ಸ್ ಬಿಎಸ್‌ಡಿ ಎಂಬ ಇನ್ನೊಂದು ವ್ಯವಸ್ಥೆಯಲ್ಲಿದ್ದ ಪ್ಯಾಕೆಟ್ ಸೋಸುವ ಭಾಗವನ್ನು ಲಿನಕ್ಸ್‌ಗೆ ತಂದು ಕೂಡಿಸಿದರು. ಭಾರತದ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದೇ 1995ರ ಆಗಸ್ಟ್ 15ರಂದು, ಅದೂ ಮುಂಬಯಿ, ದೆಹಲಿಯಂಥ ಮಹಾನಗರಗಳಿಗೆ. ಉಳಿದ ಊರುಗಳಿಗೆ ಲಿನಕ್ಸ್ ಮುಟ್ಟಿದ್ದು ತಂತಿಯ ಮೂಲಕವಲ್ಲ, ಅಂಚೆಯ ಮೂಲಕ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯ ಜೊತೆ ಲಿನಕ್ಸಿನ ಸೀಡಿಯನ್ನು ಹಂಚಿತು. ಅದರ ಹಿಂದಿದ್ದವರಲ್ಲಿ ಮುಖ್ಯರು ಅತುಲ್ ಚಿಟ್ನಿಸ್. ಜರ್ಮನಿಯಲ್ಲಿ ಹುಟ್ಟಿದರೂ ಇಂಜಿನಿಯರಿಂಗ್ ಓದಿದ್ದು ನಮ್ಮ ಪಕ್ಕದ ಬೆಳಗಾವಿಯ ಗೋಗಟೆ ಕಾಲೇಜಿನಲ್ಲಿ. ಮುಂದೆ ಬೆಂಗಳೂರಿನಲ್ಲಿ ಅವರೂ ಅವರ ಗೆಳೆಯರೂ ನಡೆಸಿದ ಲಿನಕ್ಸ್ ಸಮ್ಮೇಳನ 2005ರಿಂದ ಫಾಸ್ ಡಾಟ್ ಇನ್ ಎಂದು ಹೆಸರಾಯಿತು. ಈಗ ಹೇಳಲಿರುವ ಅಗಸಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಜರ್ಮನಿಯ ಹೆರಾಲ್ಡ್ ವೆಲ್ಟೆ ಆ ಸಮ್ಮೇಳನಕ್ಕೆ ಬಂದು ಮಾತನಾಡಿದವರು. ಚಿಟ್ನಿಸ್ 2013ರಲ್ಲಿ ತೀರಿಕೊಂಡರು.

ಲಿನಕ್ಸಿನ ಹಳೆಯ ಅಗಸಿಗೂ ಒಂದು ಮೂಲೆಯಲ್ಲಿ ಚೂರು ನೆನಪಿತ್ತು. ಅದು ಬಂದದ್ದು ವಿಳಾಸಗಳ ಬರದಿಂದ. ಜಗತ್ತಿನ ಕಂಪ್ಯೂಟರುಗಳಿಗೆಂದು ಮಾಡಿಟ್ಟಿದ್ದ ವಿಳಾಸಗಳು ಸುಮಾರು 429 ಕೋಟಿ. ಅವು ಸಾಲವು ಎಂದು 1990ರ ದಶಕದ ಆರಂಭದಲ್ಲೇ ಗೊತ್ತಾಯಿತು. ಆಗ ಒಂದು ಇಡೀ ಕಚೇರಿಗೆ ಒಂದೇ ವಿಳಾಸ ಕೊಟ್ಟು, ಒಳಗಿನ ಯಂತ್ರಗಳೆಲ್ಲ ಅದರ ಹೆಸರಿನಲ್ಲೇ ಹೊರಗಿನವರೊಡನೆ ವ್ಯವಹರಿಸುವ ಏರ್ಪಾಡಾಯಿತು. ವಿದ್ಯಾರ್ಥಿ ವಸತಿಗೃಹದಲ್ಲಿದ್ದ ಹುಡುಗರಿಗೆ ವಾರ್ಡನ್ನರ ‘ಮಾರ್ಫತ್’ ಕಾಗದ ಬರುತ್ತಿದ್ದುದು ನೆನಪಿರಬೇಕು. ಎಲ್ಲ ಕಾಗದವೂ ಒಂದೇ ವಿಳಾಸಕ್ಕೆ. ಯಾವ ಕಾಗದ ಯಾವ ಹುಡುಗನದು ಎಂದು ತಿಳಿದು ಹಂಚುವ ಹೊಣೆ ವಾರ್ಡನ್ನರದು. ಮಾರ್ಫತ್ ನಡೆಯಬೇಕೆಂದರೆ ಒಂದು ಪಟ್ಟಿ ಬೇಕೇ ಬೇಕು. ಲಿನಕ್ಸಿನಲ್ಲಿ ಆ ಪಟ್ಟಿ ಮಾರ್ಫತ್ ಕೆಲಸಕ್ಕೆ ಮಾತ್ರ ಇತ್ತು. ಅಗಸಿ ಕಾಯುವವನ ಕೈಗೆ ಸಿಗುತ್ತಿರಲಿಲ್ಲ.

ಆಸ್ಟ್ರೇಲಿಯಾದ ರಸ್ಟಿ ರಸೆಲ್ ಮಾಡಿದ್ದು ಇದನ್ನು. 1999ರಲ್ಲಿ ಬಂದ 2.2 ಕರ್ನೆಲ್ಲಿನ ಐಪಿಚೈನ್ಸ್ ಎಂಬ ಅಗಸಿಯಲ್ಲೂ ಅವರ ಕೈಯಿತ್ತು. ಆದರೆ ಅದನ್ನೇ ತೇಪೆ ಹಚ್ಚುತ್ತಾ ಕೂಡುವ ಬದಲು ಬುನಾದಿಯಿಂದ ಹೊಸದನ್ನು ಕಟ್ಟಿದರು. ನೆಟ್‌ಫಿಲ್ಟರ್ ಎಂದು ಅದರ ಹೆಸರು. 2001ರ ಜನವರಿಯಲ್ಲಿ 2.4 ಕರ್ನೆಲ್ಲಿನೊಡನೆ ಬಂತು. ಪ್ಯಾಕೆಟ್ಟಿನ ದಾರಿಯಲ್ಲಿ ಐದು ಕಟ್ಟೆಗಳನ್ನು ಅವರು ಗುರುತಿಸಿದರು: ಬಂದ ಕೂಡಲೇ ಒಂದು, ಈ ಯಂತ್ರಕ್ಕೇ ಬಂದವರಿಗೆ ಒಂದು, ದಾಟಿ ಹೋಗುವವರಿಗೆ ಒಂದು, ಈ ಯಂತ್ರದಿಂದ ಹೊರಟವರಿಗೆ ಒಂದು, ಹೊರಬೀಳುವ ಮುನ್ನ ಕಡೆಯದೊಂದು. ನಿಯಮ ಬರೆಯುವ ಸಾಧನಕ್ಕೆ ಐಪಿಟೇಬಲ್ಸ್ ಎಂದು ಹೆಸರಾಯಿತು. ನೆನಪಿನ ಪಟ್ಟಿಯನ್ನು ಮಾರ್ಫತ್ತಿನ ಮೂಲೆಯಿಂದ ಹೊರತೆಗೆದು ಬೇರೆಯದೇ ಒಂದು ಭಾಗ ಮಾಡಿದರು. ಅದೇ ಕನೆಕ್ಷನ್ ಟ್ರ್ಯಾಕಿಂಗ್. ಸಂಪರ್ಕಗಳ ಜಾಡು ಹಿಡಿಯುವುದು ಎನ್ನೋಣ. ಈಗ ಎಲ್ಲ ಕಟ್ಟೆಯವರೂ ಒಂದೇ ಪುಸ್ತಕ ನೋಡಿ ಮಾತಾಡಬಹುದಾಯಿತು.

ಇದು ನನಗೆ ಅರ್ಥವಾದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಬನಹಟ್ಟಿಯ ನೇಕಾರರ ಮನೆಯ ಹುಡುಗ. ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ. ದೀಪಾವಳಿಗೆ ಬಂದವನನ್ನು ಕೂಡಿಸಿಕೊಂಡು ಕೇಳಿದೆ. ಅವನು ಹೇಳಿದ:

‘ಅಕ್ಕೋರ, ನಮ್ಮಪ್ಪ ಸಾವಕಾರರ ಅಂಗಡಿಗೆ ಸೀರಿ ಒಯ್ದಾಗ ಅವರು ಮೊದಲ ಏನ ಮಾಡತಿದ್ರು ಹೇಳ್ರಿ? ಸೀರಿ ಬಿಚ್ಚಿ ನೋಡತಿರಲಿಲ್ಲ. ಕಿರ್ದಿ ತಗೀತಿದ್ರು. ಇಂಥಾ ದಿನ ಇಂಥಾವಗ ಇಷ್ಟ ನೂಲು ಕೊಟ್ಟೇವಿ ಅಂತ ಬರದಿದ್ರ, ಈ ಸೀರಿ ಆ ನೂಲಿಗೆ ಬಂದ ಉತ್ತರ. ಒಳಗ ತಗೋ. ನೂಲು ಕೊಟ್ಟದ್ದ ಬರದಿಲ್ಲಂದ್ರ, ಸೀರಿ ಎಷ್ಟ ಚಂದ ಇರವಲ್ದ್ಯಾಕ, ಎಲ್ಲಿಂದ ತಂದಿ ಅಂತ ಕೇಳೂದ.’

ಇದಕ್ಕಿಂತ ಸ್ಪಷ್ಟವಾಗಿ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಕರ್ನೆಲ್ ಇಡುವ ಕಿರ್ದಿಯಲ್ಲಿ ಒಂದೊಂದು ಮಾತುಕತೆಗೆ ಒಂದೊಂದು ಸಾಲು: ಯಾರು, ಯಾರಿಗೆ, ಯಾವ ಬಾಗಿಲಿಂದ ಯಾವ ಬಾಗಿಲಿಗೆ, ಈಗ ಯಾವ ಹಂತದಲ್ಲಿದೆ, ಇನ್ನೆಷ್ಟು ಹೊತ್ತು ನೆನಪಿಡಬೇಕು. ಬಂದ ಪ್ಯಾಕೆಟ್ಟನ್ನು ಇದಕ್ಕೆ ತಾಳೆ ನೋಡಿ ಮುಖ್ಯವಾಗಿ ನಾಲ್ಕು ಬಗೆ ಮಾಡುತ್ತದೆ. ಹೊಸದಾಗಿ ಮಾತು ಶುರುಮಾಡುವುದು ‘ಹೊಸತು’. ಎರಡೂ ಕಡೆಯಿಂದ ಮಾತು ನಡೆದಿದ್ದರೆ ‘ನೆಲೆಗೊಂಡದ್ದು’. ನಡೆದಿರುವ ಮಾತಿನ ಸಂಬಂಧದಿಂದಲೇ ಬೇರೆ ಬಾಗಿಲಿಗೆ ಬಂದದ್ದು ‘ಸಂಬಂಧಿ’. ಯಾವ ಲೆಕ್ಕಕ್ಕೂ ತಾಳೆಯಾಗದ್ದು ‘ಅಸಿಂಧು’.

ಇವುಗಳಲ್ಲಿ ಸಂಬಂಧಿಯ ಕಥೆ ನಮಗೆ ಬೇಗ ಅರ್ಥವಾಗುತ್ತದೆ. ಕಡತ ಕಳಿಸುವ ಎಫ್‌ಟಿಪಿ ಎಂಬ ಹಳೆಯ ಪದ್ಧತಿಯಲ್ಲಿ ಮಾತುಕತೆ 21ನೆಯ ಬಾಗಿಲಲ್ಲಿ ನಡೆಯುತ್ತದೆ. ಕಡತ ಮಾತ್ರ ಬೇರೊಂದು ಬಾಗಿಲಿಂದ ಬರುತ್ತದೆ. ಮಾತುಕತೆಯನ್ನು ಓದಿ ‘ಈ ಕಡತ ಅವರದೇ’ ಎಂದು ಹೇಳುವ ಸಹಾಯಕರನ್ನು ಕರ್ನೆಲ್ ಇಟ್ಟುಕೊಂಡಿದೆ. ಮದುವೆಗೆ ಬಂದ ಬೀಗರು ‘ಇವರು ನಮ್ಮ ಪೈಕಿ’ ಎಂದ ಕೂಡಲೇ ಊಟಕ್ಕೆ ಕೂಡಿಸಿದ ಹಾಗೆ. ಆದರೆ ‘ನಮ್ಮ ಪೈಕಿ’ ಎಂದವರನ್ನೆಲ್ಲ ಕೂಡಿಸಿದರೆ ಏನಾಗುತ್ತದೆಂದು ಮದುವೆ ಮಾಡಿದವರಿಗೆ ಗೊತ್ತು. 2016ರಲ್ಲಿ ಬಂದ 4.7 ಕರ್ನೆಲ್ಲಿನಿಂದ ಈ ಸಹಾಯಕರು ತಾವಾಗಿ ಕೆಲಸಕ್ಕೆ ಇಳಿಯುವುದನ್ನು ನಿಲ್ಲಿಸಿದರು. ಯಾರಿಗೆ ಯಾವ ಸಹಾಯಕ ಎಂದು ನಿಯಮ ಬರೆದು ಹೇಳಬೇಕು.

ನಿಯಮ ಬರೆಯುವುದು ಹೇಗೆ? ಒಂದು ಶಾಲೆಯ ಯಂತ್ರಕ್ಕೆ ಐದು ಸಾಲು ಸಾಕು. ಯಂತ್ರ ತನ್ನೊಡನೆ ತಾನೇ ಆಡುವ ಮಾತನ್ನು ಬಿಡು. ನೆಲೆಗೊಂಡ ಮತ್ತು ಸಂಬಂಧಿ ಪ್ಯಾಕೆಟ್ಟುಗಳನ್ನು ಬಿಡು. ಅಸಿಂಧುವನ್ನು ಎಸೆ. ಪ್ರಯೋಗಾಲಯದ ಒಳಗಿನ ಯಂತ್ರಗಳಿಂದ 22ನೆಯ ಬಾಗಿಲಿಗೆ ಬರುವ ಹೊಸ ಮಾತನ್ನು ಬಿಡು. ಉಳಿದದ್ದನ್ನೆಲ್ಲ ತಡೆ. ಇಷ್ಟೇ. ಆದರೆ ಕರ್ನೆಲ್ ಇವನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಓದುತ್ತದೆ. ಬಿಡು, ಎಸೆ ಎಂದು ತೀರ್ಪು ಕೊಡುವ ಸಾಲು ತಾಳೆಯಾದರೆ ಮುಂದಿನದನ್ನು ನೋಡುವುದಿಲ್ಲ. ‘ಎಲ್ಲ ತಡೆ’ ಎಂಬುದನ್ನು ಮೊದಲಿಗೆ ಬರೆದರೆ ಕೆಳಗಿನ ನಾಲ್ಕು ಸಾಲು ಇದ್ದೂ ಇಲ್ಲದಂತೆ. ದೂರದ ಯಂತ್ರಕ್ಕೆ ನಿಯಮ ಬರೆಯುತ್ತಾ 22ನೆಯ ಬಾಗಿಲನ್ನೇ ಮುಚ್ಚಿ, ತಾವೇ ಹೊರಗುಳಿದು, ರಾತ್ರಿ ಬಸ್ಸು ಹಿಡಿದು ಆ ಊರಿಗೆ ಹೋದವರ ಕಥೆಗಳು ಈ ಕಸುಬಿನವರಲ್ಲಿ ಬೇಕಾದಷ್ಟಿವೆಯಂತೆ. ಸಂವಿಧಾನ ಕಲಿಸುವಾಗ ನಾವು ಹೇಳುತ್ತೇವೆ: ಕಾನೂನಿನಲ್ಲಿ ಏನಿದೆ ಎಂಬುದಷ್ಟೇ ಅಲ್ಲ, ಯಾವುದು ಯಾವುದಕ್ಕಿಂತ ಮೇಲೆ ಎಂಬುದೂ ಮುಖ್ಯ ಎಂದು. ಅದರ ಇಷ್ಟು ಚೊಕ್ಕ ಉದಾಹರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನೆನಪು ಬಂದ ಮೇಲೆ ಅಗಸಿಯ ಕಷ್ಟವೆಲ್ಲ ತೀರಿತೆಂದು ತಿಳಿಯಬಾರದು. ಕಿರ್ದಿಗೆ ಹಾಳೆಗಳು ಇಷ್ಟೇ ಎಂದಿರುತ್ತವೆ. ಎಷ್ಟು ಸಾಲು ಎಂಬುದನ್ನು ಯಂತ್ರದ ಮೆಮರಿ ನೋಡಿಕೊಂಡು ಕರ್ನೆಲ್ ನಿಗದಿಮಾಡುತ್ತದೆ. ಬಹಳ ಕಾಲ ಹಲವು ಯಂತ್ರಗಳಲ್ಲಿ ಅದು 65,536 ಇತ್ತು, ಸಣ್ಣ ಪೆಟ್ಟಿಗೆಗಳಲ್ಲಿ ಇನ್ನೂ ಕಡಿಮೆ. ಕಿರ್ದಿ ತುಂಬಿದರೆ ಹಳೆಯ ಮಾತುಕತೆಗಳು ನಡೆಯುತ್ತಲೇ ಇರುತ್ತವೆ. ಹೊಸಬರಿಗೆ ಮಾತ್ರ ಬಾಗಿಲಿಲ್ಲ. ಕರ್ನೆಲ್ ತನ್ನ ದಿನಚರಿಯಲ್ಲಿ ‘ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್’ ಎಂದು ಬರೆದು ಸುಮ್ಮನಾಗುತ್ತದೆ. ಹೊರಗೆ ನಿಂತವನಿಗೆ ಅದನ್ನು ಯಾರೂ ಹೇಳುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ತರಬೇತಿ. ನಾಲ್ಕೂ ಕಡೆಯ ಶಿಕ್ಷಕರು ಸೇರಿದ್ದೆವು. ಮುಂಜಾನೆ ಬೇಗ ಬಂದು ಕೂತ ಜಮಖಂಡಿ, ಬನಹಟ್ಟಿಯವರ ಪರದೆಗಳು ಚೆನ್ನಾಗಿ ನಡೆಯುತ್ತಿದ್ದವು. ಬೀಳಗಿ ಕಡೆಯ ಹಳ್ಳಿಗಳಿಂದ ಬಂದವರಿಗೆ ಬಸ್ಸೇ ತಡ. ಕೃಷ್ಣೆಯ ಹಿನ್ನೀರಿನಲ್ಲಿ ಹಳೆಯ ಊರು, ಹಳೆಯ ದಾರಿಗಳು ಮುಳುಗಿ ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದವರು ಅವರಲ್ಲಿದ್ದರು. ಅವರ ಪರದೆಯಲ್ಲಿ ಒಂದು ಪುಟವೂ ತೆರೆಯದು. ಉಸ್ತುವಾರಿಯವರು, ‘ನಿಮಗ ಮೌಸ್ ಹಿಡಿಯಾಕ ಬರೂದಿಲ್ಲ’ ಎಂದುಬಿಟ್ಟರು. ನನಗಿಂತ ಹಿರಿಯರಾದ ಒಬ್ಬ ಅಕ್ಕೋರು ಎಲ್ಲರೆದುರಿಗೆ ತಲೆ ತಗ್ಗಿಸಿ ಕೂತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಧ್ಯಾಹ್ನ ಬಂದ ತಂತ್ರಜ್ಞ ಹುಡುಗ ದಿನಚರಿ ಓದಿ ನೋಡಿದ. ಕಿರ್ದಿ ತುಂಬಿತ್ತು. ಯಾವಾಗಲೋ ಮಾತು ಮುಗಿಸಿ, ಮುಗಿಸಿದೆನೆಂದು ಹೇಳದೆ ಎದ್ದುಹೋದವರ ಸಾಲುಗಳೆಲ್ಲ ಹಾಗೇ ಕೂತಿದ್ದವು. ನೆಲೆಗೊಂಡ ಸಂಪರ್ಕವೊಂದು ಸುಮ್ಮನೆ ಇದ್ದರೆ ಲಿನಕ್ಸ್ ಅದನ್ನು 4,32,000 ಸೆಕೆಂಡು, ಅಂದರೆ ಪೂರಾ ಐದು ದಿನ, ನೆನಪಿಟ್ಟುಕೊಳ್ಳುತ್ತದೆ. ಬದಲಾಯಿಸದಿದ್ದರೆ ಅದೇ ವಾಡಿಕೆ. ಆತ ಹಾಳೆ ಹೆಚ್ಚಿಸಿದ, ಗಡುವು ಕಡಿಮೆ ಮಾಡಿದ. ಎಲ್ಲರ ಪುಟಗಳೂ ತೆರೆದವು. ಆ ಅಕ್ಕೋರಿಗೆ ಯಾರೂ ಏನೂ ಹೇಳಲಿಲ್ಲ.

ಮರೆಯುವುದೂ ಅಗಸಿಯ ಧರ್ಮ ಎಂದು ನನಗೆ ಅನಿಸಿದ್ದು ಅಂದೇ. ಎಷ್ಟು ನೆನಪಿಡಬೇಕೋ ಅಷ್ಟೇ ಎಷ್ಟು ಬೇಗ ಮರೆಯಬೇಕು ಎಂಬುದೂ ಮುಖ್ಯ. ಬೇಗ ಮರೆತರೆ ನಡುಮಾತಿನಲ್ಲಿ ಎದ್ದು ಚಹಾ ಕುಡಿದು ಬಂದವನು ಅಪರಿಚಿತನಾಗುತ್ತಾನೆ. ಮರೆಯದಿದ್ದರೆ ಹೊಸಬನಿಗೆ ಜಾಗವಿಲ್ಲ. ಕೇಡು ಬಯಸುವವರಿಗೂ ಇದು ಗೊತ್ತು. 1996ರಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಅಂತರಜಾಲ ಸಂಸ್ಥೆಯ ಮೇಲೆ ದಾಳಿ ಮಾಡಿದವರು ಏನನ್ನೂ ಒಡೆಯಲಿಲ್ಲ. ಸುಳ್ಳು ವಿಳಾಸಗಳಿಂದ ಮಾತು ಶುರುಮಾಡಿ, ಮುಂದುವರಿಸದೆ, ಸರ್ವರುಗಳ ಕಾಯುವ ಸಾಲನ್ನಷ್ಟೇ ತುಂಬಿಸಿದರು. ನೆನಪಿನ ಕಿರ್ದಿಯನ್ನೂ ಹೀಗೆಯೇ ತುಂಬಿಸಬಹುದು.

ನೆಟ್‌ಫಿಲ್ಟರಿನವರು ಅಲ್ಲಿಗೇ ನಿಲ್ಲಲಿಲ್ಲ. ಐಪಿಟೇಬಲ್ಸ್‌ನಲ್ಲಿ ಸಾವಿರ ವಿಳಾಸಗಳಿಗೆ ಸಾವಿರ ಸಾಲು ಬರೆಯಬೇಕಾಗುತ್ತಿತ್ತು. ಹಳೆಯ ಪದ್ಧತಿಯ ವಿಳಾಸಕ್ಕೆ ಒಂದು ಸಾಧನ, ಹೊಸ ಪದ್ಧತಿಯ ವಿಳಾಸಕ್ಕೆ ಇನ್ನೊಂದು. 2014ರ ಜನವರಿಯಲ್ಲಿ 3.13 ಕರ್ನೆಲ್ಲಿನೊಡನೆ ಬಂದ ಎನ್‌ಎಫ್‌ಟೇಬಲ್ಸ್ ಇವನ್ನೆಲ್ಲ ಒಂದೇ ಕಡೆ ತಂದಿತು. ಸಾವಿರ ಹೆಸರನ್ನು ಒಂದು ಗುಂಪು ಮಾಡಿ ಒಂದೇ ಸಾಲಿನಲ್ಲಿ ಹೇಳಬಹುದು. ಆದರೆ ಕಿರ್ದಿ ಮಾತ್ರ 2001ರಲ್ಲಿ ಬಂದ ಆಲೋಚನೆಯದೇ. ಅಗಸಿಯ ಬಾಗಿಲು ಬದಲಾಯಿತು, ನೆನಪು ಉಳಿಯಿತು.

ನಮ್ಮ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಇದೆಲ್ಲ ದೂರದ ಮಾತಲ್ಲ. 2010ರ ದಶಕದಲ್ಲಿ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ನಡೆಸಿದ ‘ವಿಷಯ ಶಿಕ್ಷಕರ ವೇದಿಕೆ’ಯ ತರಬೇತಿಗಳಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದವರೆಲ್ಲ ಉಬುಂಟು ಎಂಬ ಲಿನಕ್ಸನ್ನೇ ಕಲಿತರು. ಅದರ ಒಳಗೆ ಈ ಅಗಸಿ ಇದ್ದೇ ಇದೆ. 2008ರಿಂದ ಅದಕ್ಕೆ ‘ಅನ್‌ಕಾಂಪ್ಲಿಕೇಟೆಡ್ ಫೈರ್‌ವಾಲ್’ ಎಂಬ ಸುಲಭದ ಕೀಲಿಕೈಯೂ ಉಂಟು: ಹೊರಗಿನಿಂದ ಬರುವ ಹೊಸ ಮಾತು ಬೇಡ, ಒಳಗಿನಿಂದ ಹೋಗುವುದು ಸರಿ ಎಂಬ ನಿಯಮಗಳನ್ನು ಬರೆದೇ ಇಟ್ಟಿದ್ದಾರೆ. ಆದರೆ ಕೀಲಿ ತಿರುಗಿಸಿ ಕೊಟ್ಟಿರುವುದಿಲ್ಲ. ತಿರುಗಿಸಬೇಕಾದವರು ನಾವು.

ಕಡೆಗೆ, ಇತಿಹಾಸದ ಶಿಕ್ಷಕಿಯಾಗಿ ಹೇಳಲೇಬೇಕಾದ ಮಾತೊಂದಿದೆ. ನಮ್ಮ ಊರುಗಳ ಅಗಸಿಗಳು ಬಂದವನನ್ನು ಅಳೆದದ್ದು ಬಹುಮಟ್ಟಿಗೆ ಹುಟ್ಟಿನಿಂದ, ಕೇರಿಯಿಂದ. ಊರಿನ ಹೊಲಸು ತೆಗೆದವರ, ಚರ್ಮ ಹದಮಾಡಿದವರ ಮನೆಗಳು ಅಗಸಿಯ ಹೊರಗೇ ಉಳಿದವು. ಇವರು ಯಾವ ಕೆಲಸಕ್ಕೆ ಬಂದರು, ಇವರನ್ನು ಕರೆದವರು ಯಾರು, ಇವರಿಗೆ ಊರು ಎಷ್ಟು ಬಾಕಿ ಕೊಡಬೇಕಿದೆ ಎಂದು ಯಾವ ಕಾವಲುಗಾರನೂ ಕಿರ್ದಿ ತೆಗೆದು ನೋಡಲಿಲ್ಲ. ಬರೀ ವಿಳಾಸ ನೋಡಿ ತೀರ್ಪು ಕೊಡುವ ಅಗಸಿ ಎಂಥದೆಂದು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆ ನಿಯಮಗಳನ್ನು ಯಾರು ಬರೆದರು ಎಂದು ಕೇಳಿದರೆ ‘ಮೊದಲಿನಿಂದ ಹಾಂಗ ಐತಿ’ ಎಂಬ ಉತ್ತರ ಬರುತ್ತಿತ್ತು.

ಲಿನಕ್ಸಿನ ಅಗಸಿಯಲ್ಲಿ ನಾನು ಮೆಚ್ಚುವುದು ಅದರ ಜಾಣತನಕ್ಕಿಂತ ಇದನ್ನು: ಅದರ ನಿಯಮಗಳು ಬರಹದಲ್ಲಿವೆ, ಕ್ರಮಸಂಖ್ಯೆ ಹಾಕಿ ಓದಬಹುದು, ಯಾವ ಸಾಲು ಎಷ್ಟು ಪ್ಯಾಕೆಟ್ಟುಗಳನ್ನು ತಡೆಯಿತು ಎಂಬ ಎಣಿಕೆಯನ್ನೂ ಕೇಳಿ ಪಡೆಯಬಹುದು, ಅಗಸಿಯನ್ನು ಕಟ್ಟಿದ ಬಗೆಯನ್ನೇ ತೆರೆದು ನೋಡಬಹುದು. ಹತ್ತನೆಯ ತರಗತಿಗೆ ಸಂಸ್ಥಾನಗಳ ವಿಲೀನದ ಪಾಠ ಮಾಡುವಾಗ ನಾನು ಈಗ ಮಕ್ಕಳಿಂದ ಎರಡು ಪಟ್ಟಿ ಬರೆಸುತ್ತೇನೆ. ಅವರ ಊರಿನ ಸುತ್ತ ಮೊದಲು ಯಾವ ಯಾವ ಗಡಿಗಳಿದ್ದವು, ಈಗ ಅವರು ದಿನಾಲೂ ದಾಟುವ ಗಡಿಗಳು ಯಾವುವು ಎಂದು. ಎರಡನೆಯ ಪಟ್ಟಿಯಲ್ಲಿ ಶಾಲೆಯ ಗೇಟು, ಬ್ಯಾಂಕಿನ ಎಟಿಎಂ, ಮೊಬೈಲಿನ ಪಾಸ್‌ವರ್ಡ್ ಬರುತ್ತವೆ. ಒಬ್ಬಿಬ್ಬರು ಫೈರ್‌ವಾಲ್ ಎಂದೂ ಬರೆಯುತ್ತಾರೆ. ಆಮೇಲೆ ಪ್ರತಿಯೊಂದರ ಮುಂದೆ ಒಂದು ಪ್ರಶ್ನೆಗೆ ಉತ್ತರ ಬರೆಯಬೇಕು: ಇದರ ನಿಯಮ ಬರೆದವರು ಯಾರು, ಅದನ್ನು ನೀನು ಓದಬಹುದೋ ಇಲ್ಲವೋ?